ಆಯಿಲ್ ಸಿಕ್ಕಿಬಿಟ್ಟ ಭಾನುವಾರ

ಕಳೆದ ಭಾನುವಾರ ನಾಗಮಂಗಲದ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರಲ್ಲಿ, ನಾನು ವಾರಗಟ್ಟಲೆ ಹುಡುಕುತ್ತಿದ್ದ ವಸ್ತು ಸಿಕ್ಕಿಬಿಟ್ಟಿತು. ಖುಷಿಯಾಗಬೇಕಿತ್ತು, ಅಲ್ಲವೇ? ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ ಸರೋಜಳ ಮುಖ ನೋಡಿದೆ. ಸಪ್ಪಗಾಗಿತ್ತು.

ವಸ್ತು ಏನು ಅಂತೀರಾ? ಸಿಂಥೆಟಿಕ್ ಇಂಜಿನ್ ಆಯಿಲ್. ಇದನ್ನು ಹಾಕಿದರೆ ನನ್ನ ಫೋರ್ ಸ್ಟ್ರೋಕ್ ಬೈಕು ಸದ್ದಿಲ್ಲದೆ, ಬಿಸಿಯಾಗದೆ ಓಡುತ್ತದೆ ಎಂದು ಯಾವುದೋ ಮ್ಯಾಗಜೀನಿನಲ್ಲಿ ಓದಿ ತಲೆಗೆ ಹುಳ ಬಿಟ್ಟುಕೊಂಡಿದ್ದೆ.

ಶ್ರೀರಂಗಪಟ್ಟಣದ ಅಂಗಡಿಯಲ್ಲಿ ಕೇಳಿದರೆ, "ಸಿಂಥೆಟಿಕ್ಕಲ್ಲಿ ಸೀರೆ ಕೇಳಿದ್ದೆ ಮೇಷ್ಟ್ರೇ, ಆಯಿಲ್ಲೂ ಬಂದದಾ?" ಅಂದರು. ಮೈಸೂರು ಅರ್ಧ ಗಂಟೆ ದಾರಿ. ಅಲ್ಲಿ ಸಿಕ್ಕೇ ಸಿಗುತ್ತದೆ. ಅದು ನಿಮಗೂ ಗೊತ್ತು, ನನಗೂ ಗೊತ್ತು, ಸರೋಜಳಿಗೆ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತು. ಆದರೂ ಅವಳು, "ಪಾಂಡವಪುರದಲ್ಲಿ ಕೇಳ್ನೋಡಾನ ಕಂಡ್ರೀ, ನಾನೂ ಬತ್ತೀನಿ" ಅಂದಳು.

ಕಾರಣ ಇದೆ. ನಮ್ಮ ಸೀಮೆಯಲ್ಲಿ ಯಾರೂ ಸುಮ್ಮನೆ ಎಲ್ಲಿಗೂ ಹೋಗುವುದಿಲ್ಲ. ಗಾಡಿ ಸ್ಟಾರ್ಟ್ ಮಾಡಿದರೆ ಸಾಕು, ಪ್ರತಿ ಜಗುಲಿಯಿಂದಲೂ ಅದೇ ಪ್ರಶ್ನೆ: "ಎಲ್ಲಿಗೆ ಹೊಂಟ್ರಿ?" ಗೊಬ್ಬರ ತರಕ್ಕೆ ಅನ್ನಿ, ಹೆಣ್ಣು ನೋಡಕ್ಕೆ ಅನ್ನಿ, ತಿಥಿಗೆ ಅನ್ನಿ, ಎಲ್ಲರಿಗೂ ಸಮಾಧಾನ. ಸುಮ್ಮನೆ ಸುತ್ತಾಡಲು ಅಂದು ನೋಡಿ! "ಪೆಟ್ರೋಲೇನು ಬಾವಿಲಿ ಸಿಕ್ತದಾ?" ಅನ್ನುತ್ತಾರೆ. ಅದರಲ್ಲೂ ಗಂಡ ಹೆಂಡತಿ ಇಬ್ಬರೂ ಸುಮ್ಮನೆ ಸುತ್ತಾಡಿದರೆ? ರಾಮ ರಾಮ.

ಬಾಬುರಾಯನಕೊಪ್ಪಲಿನ ನಮ್ಮ ಮನೆಯಲ್ಲಿ ನಮ್ಮವ್ವನೂ ಜಗುಲಿ ಪಾರ್ಟಿಯೇ. ಅವಳಿಗೆ ಉತ್ತರ ಕೊಡದೆ ಹೊಸ್ತಿಲು ದಾಟುವಂತಿಲ್ಲ. ಸರೋಜಳಿಗೋ, ವಾರವಿಡೀ ಹಸು, ಹಾಲು, ಒಲೆ, ಮಕ್ಕಳ ಹೋಂವರ್ಕು. "ಆಯಿಲ್ ತರಕ್ಕೆ ಕಣವ್ವ" ಅನ್ನುವ ಮಾತೊಂದೇ ಅವಳಿಗೆ ಭಾನುವಾರದ ಬಿಡುಗಡೆ. (ಡಬ್ಬ ಹಿಡಿದುಕೊಳ್ಳಲು ಹಿಂದೆ ಒಬ್ಬರು ಬೇಕಲ್ಲ!)

ಹಾಗಾಗಿ ನೆಟ್ಟಗೆ ಹೋಗುವುದು ಬಿಟ್ಟು, ಬೆಳಗೊಳದ ಕಡೆಯಿಂದ ಬಳಸಿಕೊಂಡು ಪಾಂಡವಪುರಕ್ಕೆ ಹೋದೆವು. ಎರಡೂ ಕಡೆ ಭತ್ತದ ಗದ್ದೆ, ನಾಲೆಯ ತಣ್ಣನೆ ಗಾಳಿ. ಕುಂತಿಬೆಟ್ಟದ ಬಂಡೆಗಳು ಕಂಡದ್ದೇ ಸರೋಜ ಗಾಡಿ ನಿಲ್ಲಿಸಿ ಅಂದಳು. ಸುಮ್ಮನೆ ನೋಡುತ್ತಾ ನಿಂತಳು. ಪಾಂಡವಪುರದ ಅಂಗಡಿಯವನು ಮಾತ್ರ, "ಟ್ರಾಕ್ಟರಿಗೆ ಹಾಕೋದ್ನೇ ಹಾಕ್ಕಳಿ ಸಾ, ಬೈಕೇನು ಬ್ಯಾಡ ಅಂದದಾ?" ಎಂದು ಉಪದೇಶ ಮಾಡಿದ.

ಮುಂದಿನ ವಾರ ಕೆ.ಆರ್. ಪೇಟೆ. ಅಲ್ಲೂ ಇಲ್ಲ. ವಾಪಸ್ ಬರುವಾಗ ಹಿಂದಿನ ಸೀಟಿನಿಂದ ಸಣ್ಣಗೆ ಹಾಡು ಕೇಳಿಸಿತು. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಇವಳು ಹಾಡುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಬೇಕೆಂದೇ ಸ್ಪೀಡ್ ಕಡಿಮೆ ಮಾಡಿದೆ.

ಕಳೆದ ವಾರ ದೇವಲಾಪುರದ ಮೇಲೆ ನಾಗಮಂಗಲಕ್ಕೆ. ರಾಗಿ ಹೊಲಗಳ ನಡುವೆ ಹುಚ್ಚೆಳ್ಳು ಹಳದಿಯಾಗಿ ಹೂ ಬಿಟ್ಟಿತ್ತು. ಮರದಡಿ ಕೂತು ಕಡಲೆಕಾಯಿ ತಿಂದೆವು. ಅಂಗಡಿಗೆ ಹೋಗಿ, ಹೇಗೂ ಸಿಗುವುದಿಲ್ಲವೆಂಬ ಧೈರ್ಯದಲ್ಲಿ ಕೇಳಿದೆ. ಮಾಲೀಕ ಅಟ್ಟಣಿಗೆಯಿಂದ ಡಬ್ಬ ಇಳಿಸಿ ಧೂಳು ಊದಿದ. "ಯಾರೋ ತರ್ಸಕ್ಕೆ ಹೇಳಿ ತಿರ್ಗ ಬರ್ನೇ ಇಲ್ಲ ಸಾ. ನಿಮ್ ಪುಣ್ಯ" ಅಂದ.

"ಇಷ್ಟ್ ಬೇಗ ಸಿಕ್ಬಾರ್ದಾಗಿತ್ತು ಕಂಡ್ರೀ" ಅಂದಳು ಸರೋಜ.

"ಸಿಕ್ಕಿಲ್ಲ ಅಂತ ಅವ್ವನಿಗೆ ಹೇಳಿದ್ರಾಯ್ತು ಬುಡು" ಅಂದೆ.

ಅವಳಿಗೆ ಎಲ್ಲಿತ್ತೋ ಸಿಟ್ಟು. "ಸುಳ್ಳೇಳ್ಕಂಡು ತಿರುಗಾಡಕ್ಕೆ ನಾವೇನು ಕದ್ದು ಓಡೋಯ್ತಾ ಇದ್ದೀವಾ?" ಅಂದವಳೇ ಡಬ್ಬ ಎತ್ತಿಕೊಂಡು ಹಿಂದಿನ ಸೀಟು ಹತ್ತಿದಳು.

ಮನೆ ಮುಂದೆ ಅವ್ವ ಮೊರ ಹಿಡಿದು ಕೂತಿದ್ದಳು. "ಸಿಕ್ತೇನ್ಲಾ?"

ನಾನು ಬಾಯಿ ತೆರೆಯುವ ಮೊದಲೇ ಸರೋಜ ಹೇಳಿಬಿಟ್ಟಳು: "ಸಿಕ್ತು ಅತ್ತೆ. ಬರೋ ಭಾನ್ವಾರ ಸುಮ್ನೆ ಓಯ್ತೀವಿ. ಯಾವ ಕೆಲ್ಸಾನೂ ಇಲ್ಲ."

ಅವ್ವ ಮೊರ ಕೆಳಗಿಟ್ಟಳು.

"ಕೆಲ್ಸಾನೇ ಇಲ್ವಾ?"

"ಇಲ್ಲ ಅತ್ತೆ."

"ಅಂಗಾರೆ ನಾನೂ ಬತ್ತೀನಿ. ಇಷ್ಟ್ ದಿನ ಕೆಲ್ಸದ ಮೇಲೋಯ್ತಾವ್ರೆ, ನಾನ್ಯಾಕೆ ಅಡ್ಡ ಅಂತ ಸುಮ್ಕಿದ್ದೆ. ಮದ್ವೆ, ತಿಥಿ ಬುಟ್ರೆ ನನ್ನ ಯಾರ್ಲಾ ಎಲ್ಲಿಗೆ ಕರ್ಕಂಡೋಗವ್ರೆ?"

ಮೊದಲು ನಗು ಬಂತು. ಆಮೇಲೆ ಅನ್ನಿಸಿತು, ಈ ಮಾತು ಅವಳ ಹೊಟ್ಟೆಯೊಳಗೆ ಎಷ್ಟು ಕಾಲದಿಂದ ಇತ್ತೋ!

ಹೊಸ ಆಯಿಲ್ ಹಾಕಿದ್ದಾಯಿತು, ಬೈಕು ಮೆತ್ತಗೆ ಓಡುತ್ತಿದೆ. ಅವ್ವ ಟ್ರಂಕಿನಿಂದ ಒಳ್ಳೆ ಸೀರೆ ತೆಗೆದಿಟ್ಟಿದ್ದಾಳೆ. ಸರೋಜಳೂ ತೆಗೆದಿಟ್ಟಿದ್ದಾಳೆ. ನಾಳೆ ಭಾನುವಾರ, ಹಿಂದಿನ ಸೀಟಿನಲ್ಲಿ ಒಬ್ಬರಿಗಷ್ಟೇ ಜಾಗ. ನೀವಾಗಿದ್ದರೆ ಯಾರನ್ನು ಕೂರಿಸಿಕೊಳ್ಳುತ್ತಿದ್ದಿರಿ?