ತುರಿಕೆಗೆ ಅಂಕ ಕೊಟ್ಟ ಗಯಾಜ್

ಐರ್ಲೆಂಡಿನ ಕಾರ್ಕ್ ನಗರದ ಬಳಿಯ ರಿಂಗಾಸ್ಕಿಡಿಯ ಮಾತ್ರೆ ಕಾರ್ಖಾನೆಯೊಂದರಲ್ಲಿ ಗಯಾಜ್ ಬರುತ್ತಿದ್ದಾನೆ ಎಂದರೆ ಮೆಷಿನ್ ಮುಂದೆ ಇರುವವರು ತಮ್ಮ ಬರಹವನ್ನು ಇನ್ನೊಮ್ಮೆ ನೋಡಿಕೊಳ್ಳುತ್ತಿದ್ದರು. ಸಿಟ್ಟಿನ ಮನುಷ್ಯನೇನಲ್ಲ, ಅವನು ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಪ್ರತಿ ಬ್ಯಾಚಿನ ದಾಖಲೆಯನ್ನೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಸಹಿ ಹಾಕುವುದು ಅವನ ಕೆಲಸ. ಅದರಲ್ಲಿ ‘ಸುಮಾರು’ ಎಂಬ ಪದ ಕಂಡರೆ ಮಾತ್ರ ಅವನಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ‘ಸುಮಾರು ಇಪ್ಪತ್ತೆರಡು ಡಿಗ್ರಿ’ ಎಂದು ಬರೆದವರ ಎದುರು ಹೋಗಿ ನಿಂತು, ನಗುನಗುತ್ತಲೇ, ಇಪ್ಪತ್ತೊಂದು ಪಾಯಿಂಟ್ ಎಂಟೋ, ಇಪ್ಪತ್ತೆರಡು ಪಾಯಿಂಟ್ ಒಂದೋ ಎಂದು ಕೇಳುತ್ತಿದ್ದ.

ಇಂಥವನು ತನ್ನ ಮೈಯ ವಿಷಯದಲ್ಲಿ ಮಾತ್ರ ನಲವತ್ತನಾಲ್ಕು ವರ್ಷವನ್ನು ಒಂದೇ ಉತ್ತರದಲ್ಲಿ ತಳ್ಳಿದ್ದ: “ಏನಿಲ್ಲ.” ಐರ್ಲೆಂಡಿಗೆ ಬಂದು ಹತ್ತು ವರ್ಷವಾದ ಮೇಲೆ ಅದು, ಚೆನ್ನಾಗಿದ್ದೇನೆ ಎನ್ನಲು ಅಲ್ಲಿಯವರು ಆಡುವ “ಗ್ರ್ಯಾಂಡ್” ಆಗಿತ್ತು, ಅಷ್ಟೇ.

ಎಕ್ಸಿಮಾ ಎಂಬ ಚರ್ಮದ ಕಾಯಿಲೆ ಅವನ ಜೊತೆಯಲ್ಲೇ ಹುಟ್ಟಿತ್ತು ಎನ್ನಬೇಕು. ಯಶವಂತಪುರದ ಶಾಲೆಯಲ್ಲಿ ಮೂರನೇ ಕ್ಲಾಸಿನಲ್ಲಿದ್ದಾಗ, ಅವನ ಮೊಣಕೈ ಮಡಿಕೆಯ ಬಿರುಕುಗಳನ್ನು ನೋಡಿ ಪಕ್ಕದ ಹುಡುಗನ ತಾಯಿ ಟೀಚರ ಹತ್ತಿರ ಬಂದು ಮಗನ ಜಾಗ ಬದಲಾಯಿಸಿಕೊಂಡು ಹೋಗಿದ್ದರು. ಅಂಟುವ ರೋಗವಲ್ಲ ಎಂದು ಹೇಳಿಕೊಡುವವರು ಯಾರೂ ಇರಲಿಲ್ಲ. ಅವತ್ತಿನಿಂದ ತುಂಬುತೋಳಿನ ಅಂಗಿ. ಫಾರ್ಮಸಿ ಓದಿದ್ದು, ಮದುವೆಯಾಗಿದ್ದು, ಕಾರ್ಕಿಗೆ ಬಂದು ಮನೆ ಹಿಡಿದದ್ದು, ಎಲ್ಲವೂ ತುಂಬುತೋಳಿನಲ್ಲೇ.

ಹೆಂಡತಿ ನಾದಿಯಾ ಜಗಳವಾಡಿ, ಜಿಪಿಯ, ಅಂದರೆ ಬಡಾವಣೆಯ ಡಾಕ್ಟರ, ಹತ್ತಿರ ಚೀಟಿ ಬರೆಸಿ, ಹದಿನಾಲ್ಕು ತಿಂಗಳು ಕಾದ ಮೇಲೆ ಆಸ್ಪತ್ರೆಯ ಚರ್ಮದ ವಿಭಾಗದಿಂದ ಕರೆ ಬಂತು. ಬಾಗಿಲಲ್ಲೇ ಒಂದು ಫಾರಂ ಕೊಟ್ಟರು. ಏಳು ಪ್ರಶ್ನೆ. ಕಳೆದ ಏಳು ದಿನಗಳಲ್ಲಿ ಎಷ್ಟು ದಿನ ತುರಿಕೆ ಇತ್ತು? ಎಷ್ಟು ರಾತ್ರಿ ಅದರಿಂದ ನಿದ್ದೆ ಕೆಟ್ಟಿತು? ಎಷ್ಟು ದಿನ ರಕ್ತ ಬಂತು, ನೀರು ಒಸರಿತು, ಚರ್ಮ ಬಿರಿಯಿತು, ಉದುರಿತು, ಒಣಗಿ ಒರಟಾಯಿತು? ಒಂದು ದಿನವೂ ಇಲ್ಲದಿದ್ದರೆ ಸೊನ್ನೆ, ದಿನವೂ ಇದ್ದರೆ ನಾಲ್ಕು. ಒಟ್ಟು ಇಪ್ಪತ್ತೆಂಟು ಅಂಕ. ಗಯಾಜನಿಗೆ ಫಾರಂ ಬಹಳ ಹಿಡಿಸಿತು. ಪ್ರಶ್ನೆ ಚೊಕ್ಕವಾಗಿವೆ, ಅವಧಿ ನಿಖರವಾಗಿದೆ ಎಂದು ಮೆಚ್ಚಿಕೊಂಡೇ ಪೆನ್ನು ತೆಗೆದ.

ನಾದಿಯಾ ಪಕ್ಕದಿಂದ ಬಗ್ಗಿ ನೋಡಿದಳು. “ನಿದ್ದೆಗೆ ಸೊನ್ನೆ ಯಾಕ್ರೀ?”

“ಕೆಟ್ಟಿಲ್ವಲ್ಲ.”

“ದಿನಾ ಮೂರು ಗಂಟೆಗೆ ಎದ್ದು ಕೂತಿರ್ತೀರಿ!”

“ತಹಜ್ಜುದ್ ನಮಾಜ್‌ಗೆ ಏಳ್ತೀನಿ.”

“ತುರಿಕೆ ಎಬ್ಬಿಸ್ತು, ಎದ್ದಿದ್ದಕ್ಕೆ ನಮಾಜ್ ಮಾಡಿದ್ರಿ.”

“ನಮಾಜ್ ಮಾಡಿದ್ದನ್ನ ನಿದ್ದೆ ಕೆಟ್ಟಿದ್ದು ಅಂತ ಬರೀಲಾ?”

“ರಕ್ತ? ಅಂಗಿ ತೋಳಿಗೆ ಅಂಟಿರತ್ತಲ್ಲ, ಅದೇನು?”

“ಅದು ಕಲೆ. ರಕ್ತ ಅಂದ್ರೆ ತೊಟ್ಟಿಕ್ಕಬೇಕು.”

ಹೀಗೆ ಕೂಡಿ ಕಳೆದು ಐದು ಅಂಕ ಬಂತು.

ಡಾಕ್ಟರ್ ಅನಸೂಯಾ ದಾವಣಗೆರೆಯಲ್ಲಿ ಓದಿದವರು. ಹೆಸರು ನೋಡಿ, ಕನ್ನಡ ಕೇಳಿ, ಮುಖವರಳಿಸಿ ಮಾತಾಡಿಸಿದರು. ಆದರೆ ಗಯಾಜನ ಚರ್ಮ ಅವತ್ತೇ ಸಂಭಾವಿತನಂತೆ ಕೂತಿತ್ತು. ನಾಲ್ಕು ದಿನ ರಜೆ ಹಾಕಿದ್ದ, ನಾದಿಯಾ ಬಿಡದೆ ಮುಲಾಮು ಮೆತ್ತಿದ್ದಳು. ಬಿರುಕುಗಳೆಲ್ಲ ಬಾಯಿ ಮುಚ್ಚಿಕೊಂಡಿದ್ದವು.

“ನೋಡಿ, ನಾನು ನಿಮ್ಮನ್ನ ನೋಡೋದು ಹತ್ತು ನಿಮಿಷ,” ಎಂದರು ಡಾಕ್ಟರು. “ಉಳಿದ ಟೈಮಲ್ಲಿ ಹೇಗಿರತ್ತೆ ಅಂತ ನಿಮಗೊಬ್ಬರಿಗೇ ಗೊತ್ತು. ಅದಕ್ಕೇ ಈ ಫಾರಂ. ಐದು ಅಂದ್ರೆ ಮೈಲ್ಡ್. ಹೌದಾ?”

“ಹೌದು ಡಾಕ್ಟ್ರೇ. ಗ್ರ್ಯಾಂಡ್ ಇದೀನಿ.”

ಹಳೆಯ ಮುಲಾಮನ್ನೇ ಮುಂದುವರಿಸಿ ಎಂದರು. ಕಾರಿನಲ್ಲಿ ನಾದಿಯಾ ಇನ್ನೊಂದು ಫಾರಂ ತೆಗೆದು ತಾನೇ ತುಂಬಿದಳು. ಇಪ್ಪತ್ತನಾಲ್ಕು ಬಂತು. ಗಯಾಜ್ ವೈಪರ್ ಹಾಕಿ, ಗಂಭೀರವಾಗಿ ಹೇಳಿದ: “ಪೇಷಂಟೇ ಹೇಳ್ಬೇಕು ಅಂತ ಮೇಲೇ ಬರೆದಿದೆ. ನೀನು ಥರ್ಡ್ ಪಾರ್ಟಿ.” ಅವಳು ಫಾರಂ ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಆರು ವಾರ ಕಳೆಯಿತು. ಒಂದು ಮಂಗಳವಾರ ಬೆಳಿಗ್ಗೆ ಗಯಾಜ್ ತನ್ನ ಕೋಣೆಯಲ್ಲಿ ಒಬ್ಬನೇ ಕೂತು ಬ್ಯಾಚ್ ದಾಖಲೆ ಓದುತ್ತಿದ್ದ. ಹದಿನೇಳನೇ ಪುಟ ತಿರುಗಿಸಿದಾಗ ಉಷ್ಣಾಂಶದ ಅಂಕಿಗಳ ಪಕ್ಕದಲ್ಲಿ ಒಂದು ಕೆಂಪು ಹನಿ ಕಂಡಿತು. ಯಾರ ಅಜಾಗರೂಕತೆಯೋ ಎಂದು ಹುಬ್ಬು ಗಂಟಿಕ್ಕುವಷ್ಟರಲ್ಲಿ ಎರಡನೇ ಹನಿ ಬಿತ್ತು. ಅವನದೇ ಬೆರಳಿನ ಬಿರುಕಿನಿಂದ. ರಕ್ತ, ಅವನದೇ ವ್ಯಾಖ್ಯಾನದ ಪ್ರಕಾರ, ತೊಟ್ಟಿಕ್ಕಿತ್ತು.

ಮೂಲ ದಾಖಲೆ, ಹರಿಯುವಂತಿಲ್ಲ, ಒರೆಸುವಂತಿಲ್ಲ. ಘಟನೆಯ ವರದಿ ಬರೆಯಲೇಬೇಕು. ಕಾರಣ ಏನು ಎಂಬಲ್ಲಿ ‘ಕಾಗದ ತಾಗಿ ಗಾಯ’ ಎಂದು ಬರೆದರೆ ಅಲ್ಲಿಗೇ ಮುಗಿಯುತ್ತಿತ್ತು. ‘ಕಾಗದ’ ಎಂಬಷ್ಟನ್ನು ಬರೆದೂ ಬಿಟ್ಟ. ಬೇರೆಯವರು ಹೀಗೆ ಬರೆದಿದ್ದರೆ ತಾನು ಎಂಥ ಪ್ರಶ್ನೆ ಕೇಳುತ್ತಿದ್ದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಗೆರೆ ಎಳೆದು, ತಿದ್ದುಪಡಿಗೆ ಸಹಿ ಹಾಕಿ, ತಾರೀಖು ಬರೆದು, ಕೆಳಗೆ ನಿಜ ಬರೆದ.

ವರದಿಯ ಮುಂದಿನ ಪ್ರಶ್ನೆ: ಕಳೆದ ಏಳು ದಿನಗಳಲ್ಲಿ ಇದು ಎಷ್ಟು ಬಾರಿ ಆಗಿದೆ?

ಗಯಾಜ್ ಬಾಗಿಲ ಚಿಲಕ ಹಾಕಿ, ಅಂಗಿಯ ತೋಳು ಮಡಚಿ, ಮೇಜಿನ ದೀಪದಡಿ ಕೈ ಇಟ್ಟ. ಸ್ಟೀಲ್ ಸ್ಕೇಲು ಹಿಡಿದು ಕೆಟ್ಟ ಯಂತ್ರವನ್ನು ಪರೀಕ್ಷಿಸುವಂತೆ ಪರೀಕ್ಷಿಸಿದ. ಬಲ ಮೊಣಕೈ ಮಡಿಕೆಯಲ್ಲಿ ನಾಲ್ಕು ಬಿರುಕು, ಉದ್ದದ್ದು ಹದಿನಾಲ್ಕು ಮಿಲಿಮೀಟರ್. ಎಡಗೈಯ ಮೂರು ಬೆರಳು ಪೂರ್ತಿ ಮಡಚುವುದಿಲ್ಲ. ನಮಾಜಿಗೆ ಮುನ್ನ ಕೈಕಾಲು ತೊಳೆದು ವುಜೂ ಮಾಡುವಾಗ ನೀರು ತಾಗಿದರೆ ಉರಿ, ದಿನಕ್ಕೆ ಐದು ಬಾರಿ. ನಿದ್ದೆ, ಏಳು ರಾತ್ರಿಯಲ್ಲಿ ಏಳೂ ಕೆಟ್ಟಿದೆ. ಎರಡು ಪುಟ ತುಂಬಿತು. ಸಹಿ ಹಾಕುವ ಮುನ್ನ ರೂಢಿಯಂತೆ ಮೊದಲಿನಿಂದ ಓದಿದ. ಓದುತ್ತ ಹೋದಂತೆ, ಯಾರೋ ಪಾಪದವನು, ಇಷ್ಟು ದಿನ ಹೇಗೆ ಸಹಿಸಿಕೊಂಡಿದ್ದಾನೆ ಎಂದು ಕನಿಕರ ಬಂತು.

ವರದಿ ಕಾರ್ಖಾನೆಯ ನರ್ಸ್ ಷಿವೋನ್ ಕೈಗೆ ಹೋಯಿತು. ಮಧ್ಯವಯಸ್ಸಿನ, ನಿಧಾನದ ಹೆಂಗಸು. ಅವನನ್ನು ಕರೆಸಿ, ಇಷ್ಟು ಅಚ್ಚುಕಟ್ಟಾದ ವರದಿಯನ್ನು ತಾನು ಈವರೆಗೂ ಓದಿಲ್ಲ ಎಂದಳು. ಆಮೇಲೆ, ನೀನು ಹೇಗಿದ್ದೀಯ ಎಂದು ಕೇಳಿದಳು.

ಗ್ರ್ಯಾಂಡ್ ಎನ್ನಲು ಬಾಯಿ ತೆರೆದ. ಅವಳು ವರದಿಯನ್ನು ಅವನ ಕಡೆಗೆ ತಿರುಗಿಸಿದಳು. ಅಡಿಯಲ್ಲಿ ಅವನದೇ ಸಹಿ.

“ಚೆನ್ನಾಗಿಲ್ಲ,” ಎಂದ ಗಯಾಜ್, ಇಂಗ್ಲಿಷಿನಲ್ಲಿ. ಹಾಗೆಂದಿದ್ದು ಬದುಕಿನಲ್ಲಿ ಅದೇ ಮೊದಲು.

ಷಿವೋನ್ ಅವತ್ತೇ ಆಸ್ಪತ್ರೆಗೆ ಪತ್ರ ಬರೆದು ವರದಿಯ ನಕಲು ಲಗತ್ತಿಸಿದಳು. ಕೈ ವಾಸಿಯಾಗುವವರೆಗೆ ಗಯಾಜನಿಗೆ ಕಾಗದ ಮುಟ್ಟದ, ಪರದೆಯ ಮೇಲೆ ಓದುವ ಕೆಲಸ ಕೊಟ್ಟರು.

ಪತ್ರ ನೋಡಿ ಆಸ್ಪತ್ರೆಯವರು ಬೇಗನೆ ಕರೆಸಿದರು. ಈ ಸಲ ಫಾರಂ ತುಂಬಲು ಅವನಿಗೆ ಎರಡೇ ನಿಮಿಷ ಸಾಕಾಯಿತು. ಇಪ್ಪತ್ತೈದು.

ಅನಸೂಯಾ ಕನ್ನಡಕ ಸರಿಮಾಡಿಕೊಂಡರು. “ಐದರಿಂದ ಇಪ್ಪತ್ತೈದಾ? ಅಷ್ಟು ಬೇಗ ಜಾಸ್ತಿ ಆಯ್ತಾ?”

“ಕಾಯಿಲೆ ಅಷ್ಟೇ ಇತ್ತು ಡಾಕ್ಟ್ರೇ. ಅಳೆಯೋನು ಸರಿ ಇರ್ಲಿಲ್ಲ.”

ಡಾಕ್ಟರು ನಕ್ಕರು. ನಾದಿಯಾಳೂ ನಗುತ್ತ, ಬಿಡದೆ ಹೇಳಿದಳು: “ನಾನು ಅವತ್ತೇ ಇಪ್ಪತ್ನಾಲ್ಕು ಹಾಕಿದ್ದೆ ಮೇಡಂ.”

“ರಕ್ತಕ್ಕೆ ನೀನು ಒಂದು ಅಂಕ ಕಮ್ಮಿ ಹಾಕಿದ್ದೆ,” ಎಂದ ಗಯಾಜ್, ತಪ್ಪು ತೋರಿಸುವ ಅದೇ ಧಾಟಿಯಲ್ಲಿ. “ಎರಡಲ್ಲ, ಮೂರು. ರಕ್ತ ಆದ ಬನಿಯನ್‌ಗಳನ್ನ ಮೊದಲೇ ನಾನೇ ತೊಳೆದು ವಾಷಿಂಗ್ ಮೆಷಿನ್‌ಗೆ ಹಾಕ್ತಿದ್ದೆ. ನಿಂಗೆ ಗೊತ್ತಿರ್ಲಿಲ್ಲ.”

ನಾದಿಯಾಳ ನಗು ಅಲ್ಲೇ ನಿಂತಿತು. ಹದಿನೆಂಟು ವರ್ಷದ ಸಂಸಾರ. ಅವಳು ಕಿಟಕಿಯ ಕಡೆ ಮುಖ ಮಾಡಿ ದುಪಟ್ಟಾ ಸರಿಪಡಿಸಿಕೊಂಡಳು.

ಹದಿನೈದು ದಿನಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಶುರುವಾಯಿತು. ಮೊದಲ ತಿಂಗಳು ಹೆಚ್ಚೇನೂ ಆಗಲಿಲ್ಲ. ಎರಡನೇ ತಿಂಗಳು ಬೆರಳು ಮಡಚಿತು. ನಾಲ್ಕನೆಯ ತಿಂಗಳಿಗೆ ಅಂಕ ಎಂಟಕ್ಕಿಳಿಯಿತು. ಇನ್ನೂ ಕೆಲವು ದಿನ ತುರಿಕೆ ಉಂಟು, ಚರ್ಮ ಒರಟೂ ಹೌದು. ಗಯಾಜ್ ಎಂಟನ್ನು ಎಂಟು ಎಂದೇ ಬರೆಯುತ್ತಾನೆ.

ಆ ವರ್ಷ ಈದ್ ದಿನ ಅವರ ಮನೆಗೆ ಹದಿನೆಂಟು ಜನ ಊಟಕ್ಕಿದ್ದರು. ನಾದಿಯಾ ಅಡುಗೆಮನೆಯಿಂದ ಒಂದು ಬುಟ್ಟಿ ನಿಂಬೆಹಣ್ಣು ತಂದು ಅವನ ಮುಂದೆ ಇಟ್ಟಳು. ಮದುವೆಯಾದಾಗಿನಿಂದ ಆ ಕೆಲಸವನ್ನು ಅವನಿಗೆ ಹೇಳಿರಲಿಲ್ಲ. ಗಯಾಜ್ ತೋಳು ಮೇಲೇರಿಸಿ, ಒಂದನ್ನು ಕೊಯ್ದು, ಬರಿಗೈಯಲ್ಲಿ ಹಿಂಡಿದ. ರಸ ಬೆರಳ ಸಂದಿಯಿಂದ ಮೊಣಕೈವರೆಗೆ ಇಳಿಯಿತು. ಉರಿಯಲಿಲ್ಲ. ಎರಡನೆಯದನ್ನು ಕೈಗೆತ್ತಿಕೊಂಡ.

“ಬೀಜ ಬೀಳ್ತಿದೆ, ನೋಡ್ಕೊಂಡು ಹಿಂಡ್ರೀ,” ಎಂದಳು ನಾದಿಯಾ.