ದೇವರ ಕೋಣೆಯ ತೇವ

೧೯೭೪ರ ಜೂನ್ ತಿಂಗಳಲ್ಲಿ ನಾನು ಸಂತೇಬೆನ್ನೂರಿನ ಶಾಲೆಗೆ ವರ್ಗವಾಗಿ ಬಂದೆನು. ಆ ವಾರದಲ್ಲಿಯೇ ಗಾರೆ ಕೆಲಸದ ಚಿಕ್ಕಹನುಮಂತಪ್ಪನವರನ್ನು ಮೊದಲ ಸಲ ಕಂಡದ್ದು. ನಮ್ಮ ತರಗತಿಯ ಗೋಡೆಯ ಬುಡದಲ್ಲಿ ಗಾರೆ ಹಕ್ಕಳೆಯಾಗಿ ಉದುರುತ್ತಿತ್ತು. ಅವರು ಅದನ್ನು ಕೆರೆದು ಸರಿಪಡಿಸುತ್ತಿದ್ದರು. ಮಳೆಯೇ ತಾಕದ ಒಳಗೋಡೆ ಹೇಗೆ ನೆನೆಯುತ್ತದೆಂದು ಕೇಳಿದೆನು.

"ಒಂದು ಸೀಮೆಸುಣ್ಣ ಕೊಡ್ರಿ ಮೇಷ್ಟ್ರೇ" ಎಂದರು. ಅದನ್ನು ನನ್ನ ಮಸಿಕುಡಿಕೆಯಲ್ಲಿ ನಿಲ್ಲಿಸಿದರು. ನೋಡುತ್ತಿದ್ದಂತೆಯೇ ನೀಲಿ ಬಣ್ಣ ಮೇಲೇರಿತು.

"ಯಾರಾದ್ರೂ ತಳ್ಳಿದ್ರಾ? ಇಟ್ಟಿಗೇನೂ ಹಿಂಗೇ. ನೆಲದಾಗಿನ ನೀರು ಕುಡಿತಾ ಮೇಲೇರಿಸ್ತೈತೆ. ಸುಣ್ಣದ ಗಾರೆ ಆದ್ರೆ ಕುಡಿದಿದ್ದನ್ನ ಗಾಳಿಗೆ ಬಿಡ್ತೈತೆ. ಸಿಮೆಂಟು ಬಿಡಲ್ಲ, ಒಳಗೇ ಕೂಡಿ ಹಾಕ್ತೈತೆ."

"ಈ ಪಾಠ ಮಕ್ಕಳಿಗೆ ನೀವೇ ಮಾಡಿ" ಎಂದೆನು.

"ಬ್ಯಾಡ್ರಿ, ಆಮೇಲೆ ಇಸ್ಕೂಲಿನಾಗೆ ಒಂದು ಸೀಮೆಸುಣ್ಣಾನೂ ಬೆಳ್ಳಗಿರಲ್ಲ" ಎಂದು ನಕ್ಕರು.

ಅಡಿಕೆ ವ್ಯಾಪಾರಿ ಮಲ್ಲಿಕಾರ್ಜುನಪ್ಪನವರ ಹೊಸ ಮನೆಯನ್ನು ಆಗ ಕಟ್ಟುತ್ತಿದ್ದವರೂ ಅವರೇ. ದೇವರ ಕೋಣೆಯ ಗಾರೆಯನ್ನು ಹೊಳೆಗಲ್ಲಿನಿಂದ ಎಂಟು ದಿನ ಉಜ್ಜಿ ನುಣುಪು ಮಾಡಿದರು. ಕಾರ್ತಿಕದಲ್ಲಿ ಗೃಹಪ್ರವೇಶವಾಯಿತು. ಅಂದು ಅವರನ್ನು ಅಂಗಳದಲ್ಲಿಯೇ ನಿಲ್ಲಿಸಿ ಪಂಚೆ, ಎಲೆ ಅಡಿಕೆ ಕೊಟ್ಟರು. ಅವರ ಕೇರಿಯವರು ಕಟ್ಟುವ ತನಕ ಮನೆಯೊಳಗೆ ಓಡಾಡಬಹುದು, ಕಟ್ಟಿ ಮುಗಿದ ಮೇಲೆ ಹೊಸಿಲು ದಾಟಬಾರದು. ಊರಿನ ರೂಢಿ ಅದು. ಅದೇ ಮನೆಯ ಮುಂದಿನ ಕೊಠಡಿಗೆ ನಾನು ಬಾಡಿಗೆಗೆ ಬಂದೆನು. ಊಟವೂ ಅಲ್ಲಿಯೇ.

ಎರಡು ವರ್ಷ ಕಳೆಯುವಷ್ಟರಲ್ಲಿ ದೇವರ ಕೋಣೆಯ ಗೋಡೆ ಮೊಣಕಾಲೆತ್ತರಕ್ಕೆ ನೆನೆದು ಉಬ್ಬಿತು. ಮಲ್ಲಿಕಾರ್ಜುನಪ್ಪನವರು ಚಿಕ್ಕಹನುಮಂತಪ್ಪನವರನ್ನು ಅಂಗಳಕ್ಕೆ ಕರೆಸಿದರು.

"ಏನಲೇ ಹನುಮ, ಇಟ್ಟಿಗೆ ಸುಡಿಸಿದ್ಯೋ, ಬಿಸಿಲಿಗೆ ಕಾಯಿಸಿದ್ಯೋ?"

"ಸುಟ್ಟ ಇಟ್ಟಿಗೇನೇ ಸಾವ್ಕಾರ್ರೇ. ಒಂದ್ಸಲ ಒಳಗೆ ಬಂದು ಮುಟ್ಟಿ ನೋಡಿದ್ರೆ..."

"ದೇವ್ರ ಕೋಣೆಗಾ? ಅಲ್ಲೇ ನಿಂತು ಹೇಳು."

ಆ ಬೇಸಿಗೆಯಲ್ಲಿ ಇನ್ನೂ ಮೂರು ಮನೆಗಳನ್ನು ಕಟ್ಟಲು ಚಿಕ್ಕಹನುಮಂತಪ್ಪನವರು ಮಾತು ಕೊಟ್ಟಿದ್ದರು. ಆ ಮೂರು ಮನೆಯವರೂ ಈ ಗೋಡೆಯ ವಿಷಯ ಏನಾಗುತ್ತದೆಂದು ಕಾಯುತ್ತಿದ್ದರು. ಗೋಡೆ ನೆನೆದ ಕಾರಣ ಸಿಗದಿದ್ದರೆ ಚಿಕ್ಕಹನುಮಂತಪ್ಪನವರ ಕೈಗುಣಕ್ಕೆ ಹೆಸರಿಲ್ಲ, ಕೆಲಸವೂ ಇಲ್ಲ. ಅವರು ನನ್ನ ಕಡೆ ತಿರುಗಿ, "ಮೇಷ್ಟ್ರೇ, ಇವತ್ತೊಂದು ದಿನ ನನ್ನ ಕೈ ನೀವಾಗ್ರಿ" ಎಂದರು.

ನಾನು ಒಳಗೆ ಹೋದೆನು. ಅವರು ಹೊರಗಡೆ ಕಿಟಕಿಯ ಕೆಳಗೆ ನಿಂತರು.

"ಗೋಡೆ ಈ ಕಡೆ ಮುಖ ಒಣಗೇ ಐತ್ರಿ. ಒಳಗೆ ತೇವ ಎಲ್ಲಿ ಜಾಸ್ತಿ?"

"ಬುಡದಲ್ಲಿ."

"ಸುತ್ತಲೂನೋ, ಒಂದೇ ಕಡೆನೋ?"

"ಸುತ್ತಲೂ."

"ನೆಲ ಹಸಿ ಐತಾ?"

ಇದಕ್ಕೆ ಉತ್ತರ ಕೊಟ್ಟವರು ಮಲ್ಲಿಕಾರ್ಜುನಪ್ಪನವರ ತಾಯಿ ಕಲ್ಲಮ್ಮನವರು. "ಹಸಿ ಇಲ್ದೆ ಇನ್ನೇನು? ದಿನಾ ಐದು ಕೊಡ ಸುರಿದು ತೊಳಿತೀನಿ."

ಆ ಕೋಣೆಯಿಂದ ನೀರು ಹೊರಹೋಗಲು ತೂಬಿರಲಿಲ್ಲ. ಅಷ್ಟು ನೀರು ಸುರಿಯುತ್ತೇವೆಂದು ಕಟ್ಟುವಾಗ ಯಾರೂ ಹೇಳಿರಲಿಲ್ಲ.

"ಆ ನೀರೆಲ್ಲ ಎಲ್ಲಿಗೆ ಹೋಗ್ತೈತೆ ಅಮ್ಮಾರೇ?" ಎಂದು ಕಿಟಕಿಯಾಚೆಯಿಂದ ದನಿ ಬಂದಿತು.

"ದೇವ್ರು ಕುಡಿತಾನೆ!"

"ದೇವ್ರಲ್ರಿ, ಗೋಡೆ ಕುಡಿತೈತೆ. ಒದ್ದೆ ಬಟ್ಟೇಲಿ ಒರೆಸ್ರಿ ಸಾಕು. ಗಾರೆ ಹಂಗೇ ಬಿಡ್ರಿ, ಒಂದು ಬೇಸಿಗೆಗೆ ತಾನೇ ಒಣಗ್ತೈತೆ."

ಕಲ್ಲಮ್ಮನವರ ಮುಖ ಕೆಂಪಾಯಿತು. "ಹೊರಗೆ ನಿಂತೋನು ನನಗೆ ಮಡಿ ಕಲಿಸ್ತಾನೇನೋ ಮಲ್ಲಿ?" ಎಂದು ಮಗನನ್ನು ಕೂಗಿದರು.

ಮಾತು ಅಲ್ಲಿಗೆ ಮುಗಿಯಿತು. ಮರುವಾರ ಪೇಟೆಯಿಂದ ಬೇರೊಬ್ಬ ಮೇಸ್ತ್ರಿ ಬಂದು, ಸುಣ್ಣದ ಗಾರೆಯನ್ನೆಲ್ಲ ಕೆತ್ತಿ, ಎದೆಯೆತ್ತರಕ್ಕೆ ಸಿಮೆಂಟು ಮೆತ್ತಿ ಹೋದನು. ಕಲ್ಲಮ್ಮನವರು ದಿನವೂ ಐದು ಕೊಡ ಸುರಿಯುವುದು ಮಾತ್ರ ನಿಲ್ಲಲಿಲ್ಲ. ಒಂದು ವರ್ಷದಲ್ಲಿ ತೇವ ಸಿಮೆಂಟನ್ನು ದಾಟಿ ದೇವರ ಪಟಗಳ ತನಕ ಏರಿತು. "ಹನುಮ ಬುಡದಲ್ಲೇ ಕೆಡಿಸಿಟ್ಟಿದ್ದ, ಯಾರು ಬಂದರೂ ಅಷ್ಟೇ" ಎಂದು ಊರು ಆಡಿಕೊಂಡಿತು. ಆ ಮೂರು ಮನೆಗಳ ಕೆಲಸವಂತೂ ಅಷ್ಟರಲ್ಲಾಗಲೇ ಬೇರೆ ಮೇಸ್ತ್ರಿಗಳ ಪಾಲಾಗಿತ್ತು.

ಒಂದು ದಿನ ಊಟಕ್ಕೆ ಕುಳಿತಾಗ ನಾನು, "ಗೋಡೆಯನ್ನು ಮುಟ್ಟಿ ನೋಡಿದವನು ನಾನು. ಚಿಕ್ಕಹನುಮಂತಪ್ಪ ಹೇಳಿದ್ದೇ ಸರಿ" ಎಂದೆನು.

"ಮೇಷ್ಟ್ರೇ, ಇನ್ನೊಂದು ರೊಟ್ಟಿ ಹಾಕಿಸ್ಕೊಳ್ರಿ" ಎಂದರು ಮಲ್ಲಿಕಾರ್ಜುನಪ್ಪನವರು.

ಹಾಕಿಸಿಕೊಂಡೆನು. ಆಮೇಲೆ ನಾನು ಆ ಮಾತನ್ನು ಎಲ್ಲಿಯೂ ಎತ್ತಲಿಲ್ಲ.

ಮುಂದೆ ಎರಡು ವರ್ಷ ಚಿಕ್ಕಹನುಮಂತಪ್ಪನವರು ಕೂಲಿಗೆ ಮಣ್ಣು ಹೊತ್ತರು. ಆಮೇಲೆ ಹೆಂಡತಿ ಅಂಜಮ್ಮನವರ ತವರಾದ ಜಗಳೂರು ಸೀಮೆಯ ಸೊಕ್ಕೆಗೆ ಹೋಗಿ ನೆಲೆಸಿದರು. ಈಗ ೧೯೮೮. ಅರವತ್ತು ದಾಟಿದ್ದರೂ ಗಾರೆ ಬಳಿಯುವ ಕರಣೆಯನ್ನು ಕೆಳಗಿಟ್ಟಿಲ್ಲ. ರಸ್ತೆಯ ಮೋರಿ, ಬಾವಿಯ ಕಟ್ಟೆ, ದನ ನೀರು ಕುಡಿಯುವ ತೊಟ್ಟಿ, ಇಷ್ಟೇ ಮಾಡುತ್ತಾರೆ. ಕಳೆದ ತಿಂಗಳು ನಾನು ಹೋದಾಗ ಅವರ ಬಳಿ ಒಬ್ಬರು ಮನೆ ಕಟ್ಟಿಕೊಡಿರೆಂದು ಕೇಳುತ್ತಿದ್ದರು.

"ಒಳಗು ಅನ್ನೋದು ಇರೋ ಕೆಲಸ ನಾನು ಹಿಡಿಯಲ್ಲ, ಬೇರೆಯೋರನ್ನ ನೋಡ್ಕೊಳ್ರಿ" ಎಂದು ಕಳುಹಿಸಿಬಿಟ್ಟರು.

ನನ್ನನ್ನು ಕಂಡು, "ಕುಂತ್ಕೊಳ್ರಿ ಮೇಷ್ಟ್ರೇ, ಬಂದೆ" ಎಂದರು. ಹಿಂದಿನ ದಿನ ನೀರು ತುಂಬಿಸಿಟ್ಟಿದ್ದ ಹೊಸ ತೊಟ್ಟಿಯೊಂದರ ಸುತ್ತ ಬಗ್ಗಿ ಬಗ್ಗಿ ನಡೆಯುತ್ತ, ನೀರು ಒಸರಿದೆಯೇ ಎಂದು ನಾಲ್ಕೂ ಕಡೆ ಅಂಗೈಯಿಟ್ಟು ಮುಟ್ಟಿ ನೋಡಿದರು.