ಮಾವನವರಿಗಾಗಿ ಕಟ್ಟಿದ ಕಂಪ್ಯೂಟರು

ಕೆಟ್ಟು ನಿಂತ ಯಂತ್ರದ ಮುಂದೆ ನಾನು ಮಾಡುವ ಮೊದಲ ದುರಸ್ತಿಯೆಂದರೆ ಅದರ ಗುಂಡಿಯನ್ನು ಇನ್ನೊಮ್ಮೆ ಒತ್ತುವುದು. ಮೊದಲ ಸಲ ಅದಕ್ಕೆ ಕೇಳಿಸಿರಲಿಕ್ಕಿಲ್ಲ ಎಂಬ ಭಾವನೆ. ಎರಡನೆಯ ಸಲವೂ ಸುಮ್ಮನಿದ್ದರೆ ತುಸು ಜೋರಾಗಿ ಒತ್ತುತ್ತೇನೆ. ಚಿತ್ತಾಪುರದ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಗಣಿತ ಕಲಿಸಿದ್ದರಿಂದ ಬಂದ ಅಭ್ಯಾಸವಿದು. ಅಲ್ಲಿಯೂ ಉತ್ತರ ಬಾರದಿದ್ದರೆ ಅದೇ ಪ್ರಶ್ನೆಯನ್ನು ದನಿ ಏರಿಸಿ ಕೇಳುವುದು ನಮ್ಮ ಪದ್ಧತಿ.

ಎಂಬತ್ತರ ದಶಕದ ನಡುವಿನಲ್ಲಿ ನಾನು ಮನೆಯಲ್ಲೊಂದು ಕಂಪ್ಯೂಟರು ಕಟ್ಟಿದೆ. ಬಿಡಿಭಾಗಗಳ ಗಂಟನ್ನು ಹೈದರಾಬಾದಿನಿಂದ ತಂದು, ಜೊತೆಗಿದ್ದ ನಕ್ಷೆ ನೋಡುತ್ತ, ಒಂದೊಂದನ್ನೇ ಹಲಗೆಯ ಮೇಲೆ ಕೂರಿಸಿ ಬೆಸುಗೆ ಹಾಕಿದೆ. ತೆರೆಯ ಕೆಲಸಕ್ಕೆ ಮನೆಯ ಕಪ್ಪು-ಬಿಳುಪು ಟೀವಿ ಇತ್ತು. ಹೊರಕವಚ ಬೇಕಲ್ಲ? ಸೇಡಂನಲ್ಲಿ ಟ್ರಂಕು ಮಾಡುವವರಿಗೆ ಅಳತೆ ಕೊಟ್ಟು ಒಂದು ತಗಡಿನ ಪೆಟ್ಟಿಗೆ ಮಾಡಿಸಿದೆ. ಅವರು ಅಭ್ಯಾಸಬಲದಿಂದ ಅದಕ್ಕೆ ಬೀಗದ ಕೊಂಡಿಯನ್ನೂ ಇಟ್ಟು, ಮುಚ್ಚಳದ ಮೇಲೊಂದು ಗುಲಾಬಿ ಹೂ ಬರೆದು ಕೊಟ್ಟರು. ಮದುಮಗಳ ಸಾಮಾನಿನಂತೆ ಅದು ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕುಳಿತು ಊರಿಗೆ ಬಂತು.

ಇಷ್ಟೆಲ್ಲ ಏಕೆಂದರೆ ಮಾವನವರಿಗಾಗಿ. ಚಿಂಚೋಳಿಯಲ್ಲಿ ಅವರು ಜೀವಮಾನವಿಡೀ ಒಂದು ಕೆಲಸ ಮಾಡಿಕೊಂಡು ಬಂದಿದ್ದರು. ವರ್ಷದ ಏಕಾದಶಿಗಳನ್ನೆಲ್ಲ ಲೆಕ್ಕ ಹಾಕಿ, ಯಾವ ದಿನ ಉಪವಾಸ, ಮರುದಿನ ಎಷ್ಟು ಹೊತ್ತಿಗೆ ಊಟ ಎಂದು ಒಂದು ಹಾಳೆಯಲ್ಲಿ ಬರೆದು, ಚಂದಾಪುರ, ಐನಾಪುರದ ಪರಿಚಿತ ಮನೆಗಳಿಗೆ ಕಳಿಸುತ್ತಿದ್ದರು. ಏಕಾದಶಿ ಎಂದರೆ ಹನ್ನೊಂದನೆಯ ತಿಥಿ, ಅದರಲ್ಲೇನು ಕಷ್ಟ ಎಂದು ನಾನೂ ತಿಳಿದಿದ್ದೆ. ಆದರೆ ಸೂರ್ಯೋದಯಕ್ಕೆ ಮುಂಚಿನ ಬೆಳಗಿನ ಜಾವದಲ್ಲಿ ದಶಮಿಯ ಚೂರು ಉಳಿದಿದ್ದರೆ ವೈಷ್ಣವರಿಗೆ ಉಪವಾಸ ಮರುದಿನಕ್ಕೆ ಜಾರುತ್ತದೆ. ಎಲ್ಲ ಕಷ್ಟ ಆ ಚೂರಿನಲ್ಲಿದೆ. ಕಾಚಬಿಂದು ಎಂಬ ವಾಸಿಯಾಗದ ಬೇನೆಯಿಂದ ಮಾವನವರ ಕಣ್ಣು ಮಂಜಾಗುತ್ತ ಬಂದಿತ್ತು. ಹಿಂದಿನ ವರ್ಷ ಅವರು ಒಂದು ಅಂಕಿ ತಪ್ಪು ಓದಿದರು. ಐನಾಪುರದ ಮನೆಗಳೆಲ್ಲ ಒಂದು ದಿನ ಮೊದಲೇ ಉಪವಾಸ ಮಾಡಿ, ನಿಜವಾದ ಏಕಾದಶಿಯಂದು ಹೊಟ್ಟೆ ತುಂಬ ಊಟ ಮಾಡಿದವು. ಯಾರೂ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಅವರಿಗೆ ತಡೆಯಲಾಗಲಿಲ್ಲ. ಲೇಖನಿ ಕೆಳಗಿಟ್ಟು ನಮ್ಮ ಮನೆಗೆ ಬಂದು, ಪಡಸಾಲೆಯ ಕಂಬಕ್ಕೊರಗಿ ಕುಳಿತುಬಿಟ್ಟರು.

"ಗುಣಾಕಾರ ಯಂತ್ರ ಮಾಡ್ತದ್ರಿ, ಮಾವನೋರ. ನೀವು ಬಾಯಿಲೆ ಹೇಳಿದ್ರ ಸಾಕು" ಎಂದೆ. ಅವರು "ಹೂಂ" ಎಂದರು. ಆ ಹೂಂನಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ.

ಒಳ್ಳೆಯ ದಿನ ನೋಡಿ, ಹೆಂಡತಿ ಸುಧಾ ಪೆಟ್ಟಿಗೆಗೆ ಕುಂಕುಮ ಹಚ್ಚಿ ಕಾಯಿ ಒಡೆದಳು. ನಾನು ಗುಂಡಿ ಒತ್ತಿದೆ. ಕೆಂಪು ದೀಪ ಹತ್ತಲಿಲ್ಲ. ಮತ್ತೆ ಒತ್ತಿದೆ. ಟೀವಿಯಲ್ಲಿ ಸಾಸಿವೆ ಚೆಲ್ಲಿದಂತೆ ಚುಕ್ಕೆಗಳು, ಅಷ್ಟೆ. ಫ್ಯೂಸು ನೋಡಿದೆ, ನೆಟ್ಟಗಿತ್ತು. ಪ್ಲಗ್ಗು ಕಿತ್ತು ಅಲ್ಲಿ ಟೇಬಲ್ ದೀಪ ಚುಚ್ಚಿದೆ. ಅದು ಝಗ್ಗನೆ ಉರಿದು ನನ್ನನ್ನು ಅಣಕಿಸಿತು. ಪೆಟ್ಟಿಗೆ ತೆರೆದು ಮುಟ್ಟಿ ನೋಡಿದರೆ ವಿದ್ಯುತ್ತನ್ನು ಹದಕ್ಕೆ ತರುವ ಒಂದು ಪುಟ್ಟ ಭಾಗ ಬೆರಳು ಸುಡುವಷ್ಟು ಕಾದಿತ್ತು. ಅಂದರೆ ಒಳಗೆ ಕರೆಂಟು ಹೋಗುತ್ತಿದೆ, ಆದರೆ ಹೋದದ್ದು ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ವಾಡಿ ಸ್ಟೇಷನ್ನಿನ ಹತ್ತಿರ ಮೌಲಾಸಾಬರ ರೇಡಿಯೊ ದುರಸ್ತಿ ಅಂಗಡಿ ಇತ್ತು. ಪೆಟ್ಟಿಗೆ ಹೊತ್ತು ಹೋದೆ. ಅವರು ಕಂಪ್ಯೂಟರು ನೋಡಿದ್ದು ಅದೇ ಮೊದಲು. ಆದರೂ ಹಲಗೆಯನ್ನು ಹೊರಗೆ ತೆಗೆದು, ತಮ್ಮ ಕಟ್ಟಿಗೆಯ ಮೇಜಿನ ಮೇಲಿಟ್ಟು, ಧೂಳು ಊದಿ, ಗುಂಡಿ ಒತ್ತಿದರು. ಕೆಂಪು ದೀಪ ಹತ್ತಿತು! ಅವರ ಟೀವಿಯಲ್ಲಿ ಅಕ್ಷರ ಮೂಡಿತು.

"ಮಾಸ್ತರ, ಮಷೀನು ಏಕದಮ್ ಠೀಕ್ ಅದರಿ. ನಿಮ್ಮ ಮನ್ಯಾಗೇ ಏನೋ ಗಡಬಡ ಅದ" ಎಂದರು.

ಪೆಟ್ಟಿಗೆಯಲ್ಲಿ ಮತ್ತೆ ಕೂರಿಸಿ, ಸ್ಕ್ರೂ ಬಿಗಿದು, ಮನೆಗೆ ತಂದೆ. ಗುಂಡಿ ಒತ್ತಿದೆ. ಸತ್ತಿತ್ತು.

ಬಸ್ಸಿನ ಕುಲುಕಾಟಕ್ಕೆ ಬೆಸುಗೆ ಬಿಟ್ಟಿರಬೇಕೆಂದು ಎಲ್ಲ ಬೆಸುಗೆಯನ್ನೂ ಹೊಸದಾಗಿ ಹಾಕಿದೆ. ಹತ್ತಲಿಲ್ಲ. ಮತ್ತೆ ವಾಡಿಗೆ ಒಯ್ದೆ. ಮೇಜಿನ ಮೇಲೆ ಹತ್ತಿತು. ಮನೆಗೆ ತಂದೆ. ಹತ್ತಲಿಲ್ಲ. ಊರಿನ ವೋಲ್ಟೇಜು ಕಡಿಮೆಯೆಂದು ಶಾಲೆಯಿಂದ ಮೀಟರು ತಂದು ಅಳೆದೆ, ಸರಿಯಾಗಿಯೇ ಇತ್ತು. ತರ್ಕಶಾಸ್ತ್ರದಲ್ಲಿ ಅನ್ವಯ-ವ್ಯತಿರೇಕ ಎಂದೊಂದು ಮಾತಿದೆ: ಯಾವುದು ಇದ್ದಾಗ ಕಾರ್ಯ ಆಗುತ್ತದೆ, ಯಾವುದು ಇಲ್ಲದಾಗ ಆಗುವುದಿಲ್ಲ, ಅದೇ ಕಾರಣ. ಆ ನ್ಯಾಯದ ಪ್ರಕಾರ ಮೌಲಾಸಾಬರು ಇದ್ದಾಗ ದೀಪ ಹತ್ತುತ್ತದೆ, ಇಲ್ಲದಾಗ ಹತ್ತುವುದಿಲ್ಲ. ಹಾಗಾದರೆ ಕಾರಣ ಮೌಲಾಸಾಬರೇ? ಅವರನ್ನು ಚಿತ್ತಾಪುರಕ್ಕೆ ಕರೆತಂದು ಕಂಪ್ಯೂಟರಿನ ಪಕ್ಕ ಕಾಯಂ ಕೂರಿಸುವುದು ಹೇಗೆ? ಗಣಿತದ ಮಾಸ್ತರನಾದ ನಾನು ಮೂರು ದಿನ ನಿಜವಾಗಿಯೂ ಇಲ್ಲಿಗೇ ಬಂದು ನಿಂತಿದ್ದೆ.

ದಾರಿ ತೋರಿಸಿದವಳು ಸುಧಾ. ಅನ್ನ ಬಡಿಸುತ್ತ ಕೇಳಿದಳು: "ಅವ್ರು ಪೆಟ್ಟಿಗ್ಯಾಗ ಇಟ್ಟು ಹಚ್ತಾರೇನ್ರಿ, ಹೊರಗ ತಗದು ಹಚ್ತಾರ?"

"ಹೊರಗ ತಗದು."

"ಮತ್ತ ನೀವು?"

ನಾನು ಬಾಯಿಗೆ ಒಯ್ದ ತುತ್ತನ್ನು ತಟ್ಟೆಗೆ ಹಾಕಿ ಎದ್ದೆ. ಹಲಗೆಯನ್ನು ಪೆಟ್ಟಿಗೆಯಿಂದ ಬಿಡಿಸಿ ಮಣೆಯ ಮೇಲಿಟ್ಟು ಒತ್ತಿದೆ. ಹತ್ತಿತು. ಪೆಟ್ಟಿಗೆಯಲ್ಲಿಟ್ಟೆ. ಆರಿತು. ತಗಡಿಗೆ ಏನೋ ತಾಗುತ್ತಿದೆ, ಕರೆಂಟು ಅಲ್ಲಿಂದಲೇ ಅಡ್ಡದಾರಿ ಹಿಡಿಯುತ್ತಿದೆ ಎಂಬುದು ಕೊನೆಗೂ ಹೊಳೆಯಿತು. ಆದರೆ ಎಲ್ಲಿ? ಹಲಗೆಯ ಅಡಿಯಲ್ಲಿ ನೂರಾರು ಬೆಸುಗೆಯ ಚುಕ್ಕೆಗಳು, ಎಲ್ಲವೂ ಒಂದೇ ರೀತಿ ಹೊಳೆಯುತ್ತಿದ್ದವು. ಭೂತಗನ್ನಡಿ ಹಿಡಿದು ಮಧ್ಯಾಹ್ನವಿಡೀ ನೋಡಿದೆ. ಏನೂ ಕಾಣಲಿಲ್ಲ.

"ಇತ್ತ ಕೊಡ್ರಿ ನೋಡೋಣು" ಎಂದರು ಕಂಬದ ಬಳಿಯಿಂದ ಮಾವನವರು.

ಕಾಣದವರು ಏನು ನೋಡುತ್ತಾರೆಂದು ನಾನು ಅನುಮಾನಿಸುತ್ತಲೇ ಪ್ಲಗ್ಗು ಕಿತ್ತು ಹಲಗೆ ಕೊಟ್ಟೆ. ಕಣ್ಣು ಮಂಜಾದ ಮೇಲೆ ಅವರು ನಮ್ಮ ಮನೆಯ ಬೇಳೆಯಲ್ಲಿನ ಹರಳುಗಳನ್ನು ಬೆರಳಿನಿಂದಲೇ ಆರಿಸುತ್ತಿದ್ದರು. ಹಲಗೆಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ಬೆರಳ ತುದಿಯನ್ನು ಸಾಲು ಸಾಲಾಗಿ ಆಡಿಸಿದರು. ಒಂದು ಮೂಲೆಯಲ್ಲಿ ಬೆರಳು ನಿಂತಿತು.

"ಇದೊಂದು ಉಳಿದವಕ್ಕಿಂತ ಉದ್ದ ಅದ. ಚುಚ್ತದ."

ನಾನು ಕತ್ತರಿಸಲು ಮರೆತಿದ್ದ ಒಂದು ತಂತಿಯ ಕಾಲು. ಕತ್ತರಿಸಿ, ಪೆಟ್ಟಿಗೆಯಲ್ಲಿಟ್ಟು, ಸ್ಕ್ರೂ ಬಿಗಿದು ಒತ್ತಿದೆ. ದೀಪ ಹತ್ತಿತು. ಟೀವಿಯಲ್ಲಿ ಅಕ್ಷರ ಬಂತು. ಸುಧಾ ಚಪ್ಪಾಳೆ ತಟ್ಟಿದಳು. ಮಾವನವರು ಮಾತ್ರ ನನ್ನನ್ನು ಹತ್ತಿರ ಕರೆದರು.

"ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದರು. "ಇದು ಹತ್ತಲಿಲ್ಲಂದಾಗೆಲ್ಲ ನನಗ ಒಳಗ ಭಾಳ ಸಮಾಧಾನ ಆಗ್ತಿತ್ತು. ಇದು ನಡೀತಂದ್ರ ನನ್ನ ಕೆಲಸ ಏನುಳೀತು?"

ನಾನು ಇಷ್ಟು ದಿನ ಯಂತ್ರದ ಒಳಗೇ ಇಣುಕುತ್ತಿದ್ದವನು ಮೂರು ಮಾರು ದೂರದಲ್ಲಿ ಕುಳಿತಿದ್ದವರ ಕಡೆ ತಿರುಗಿಯೂ ನೋಡಿರಲಿಲ್ಲ. "ಮತ್ತ ಯಾಕ್ರಿ ಹುಡುಕಿಕೊಟ್ರಿ?" ಎಂದು ಕೇಳಿದೆ.

"ಕೈಗೆ ಹರಳು ಸಿಕ್ಕ ಮ್ಯಾಲ ಬ್ಯಾಳ್ಯಾಗ ಹ್ಯಾಂಗ ಬಿಡ್ಲಿಕ್ಕೆ ಬರ್ತದ?"

ಆ ವರ್ಷದ ಹಾಳೆಯನ್ನು ನಾವು ಕೂಡಿಯೇ ಮಾಡಿದೆವು. ಯಂತ್ರ ಗುಣಿಸುವುದು, ಮಾವನವರು ಬಾಯಿಯಲ್ಲೇ ತಾಳೆ ನೋಡುವುದು. ಒಂದು ಏಕಾದಶಿಗೆ ಇಬ್ಬರದೂ ಬೇರೆ ಬಂತು. ಯಾರು ಸರಿಯೆಂದು ಒಂದು ದಿನವೆಲ್ಲ ತಲೆ ಕೆಟ್ಟಿತು. ಕೊನೆಗೆ ನೋಡಿದರೆ ನಾನು ಚಿಂಚೋಳಿಯ ಬದಲು ದೂರದ ಇನ್ನಾವುದೋ ಊರಿನ ಸೂರ್ಯೋದಯವನ್ನು ತುಂಬಿಸಿದ್ದೆ. ಯಂತ್ರದ ತಪ್ಪಿರಲಿಲ್ಲ, ಮಾವನವರದೂ ಇರಲಿಲ್ಲ. ಉಳಿದವನು ನಾನೊಬ್ಬನೇ.

ಹಾಳೆ ಬರೆದು ಮುಗಿಸಿ, ಅವರ ಕೈ ಹಿಡಿದು ಸಹಿಯ ಜಾಗ ತೋರಿಸಿದೆ. ಅವರು ಸಹಿ ಮಾಡಿ ಲೇಖನಿಯನ್ನು ನನ್ನ ಕಡೆ ಚಾಚಿದರು.

"ಕೆಳಗ ನಿಮ್ದೂ ಹಾಕ್ರಿ. ತಪ್ಪಿದ್ರ ಐನಾಪುರದವರ ಕಡಿಂದ ಇಬ್ರೂ ಕೂಡೇ ಬೈಸಿಕೊಳ್ಳೋಣು."